ಊರಿಗೊಂದು ಪುಸ್ತಕ ಹಬ್ಬ: ಸಿದ್ದಾಪುರದ ಹೊಸಬರಿಗೆ ಹಂತ ಹಂತವಾಗಿ

ಪುಸ್ತಕ ಹಬ್ಬ ಮಾಡೋಣ ಎಂದು ನಾಲ್ಕು ಜನ ಕೂತ ಕೂಡಲೇ ಏಳುವ ಮೊದಲ ಪ್ರಶ್ನೆ ‘ಉದ್ಘಾಟನೆಗೆ ಯಾರನ್ನು ಕರೆಯೋಣ?’ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹಳ್ಳಿಯ ಗ್ರಂಥಾಲಯಕ್ಕೆಂದು ಮಾಡುವ ಹಬ್ಬದ ತಯಾರಿ ಆ ಗ್ರಂಥಾಲಯದ ಕಪಾಟಿನ ಮುಂದೆಯೇ ಶುರುವಾಗಬೇಕು. ಮಳೆಗಾಲಕ್ಕೆ ಮೊದಲು ಆ ಕಪಾಟಿಗೆ ಯಾವ ಪುಸ್ತಕ ಬಂದು ಕೂರಬೇಕು ಎಂಬುದು ತಿಳಿದರೆ ಉಳಿದ ಕೆಲಸಕ್ಕೆಲ್ಲ ದಾರಿ ಸಿಗುತ್ತದೆ.

ಹಂತ 1: ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ

ಗ್ರಾಮ ಪಂಚಾಯತ್ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ‘ಗ್ರಂಥಾಲಯ ಮತ್ತು ಅರಿವು ಕೇಂದ್ರ’. 2020ರ ನವೆಂಬರ್ 14ರಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಸದಸ್ಯರಾದ ಮಕ್ಕಳ ಕೈಗೆ ಕೊಡಲು ಪುಸ್ತಕ ಬೇಕಲ್ಲ? ನಿಮ್ಮ ಹಬ್ಬದ ಕೆಲಸ ಇರುವುದು ಅಲ್ಲಿ.

ಮೊದಲ ವರ್ಷ ಎರಡು ಮೂರು ಊರು ಸಾಕು. ಬಿಳಗಿಯೋ ಕಾನಸೂರೋ, ನಿಮಗೆ ಓಡಾಡಲು ಹತ್ತಿರವಾದದ್ದನ್ನು ಆರಿಸಿಕೊಳ್ಳಿ. ಮೇಲ್ವಿಚಾರಕರ ಜೊತೆ ಕೂತು ಪುಸ್ತಕ ಕೊಟ್ಟ ರಿಜಿಸ್ಟರ್ ತಿರುವಿ ಹಾಕಿ. ಯಾವ ಪುಸ್ತಕ ಓದಿ ಓದಿ ಹರಿದಿದೆ, ಮಕ್ಕಳು ಏನು ಕೇಳಿ ಬರಿಗೈಲಿ ಹೋಗುತ್ತಾರೆ, ಯಾವ ಗೋಡೆ ಮಳೆಗೆ ಒಸರುತ್ತದೆ ಎಂದು ಕೇಳಿ. ಅಲ್ಲಿಯೇ ಒಂದು ಬೇಡಿಕೆ ಪಟ್ಟಿ ಬರೆಯಿರಿ. ನೂರು ಹೆಸರಿನ ಪಟ್ಟಿಯಾದರೂ ದೊಡ್ಡದೇ. ಬಂದ ಪುಸ್ತಕಗಳನ್ನು ಪಂಚಾಯತ್ ಸ್ವೀಕರಿಸಿ ದಾಖಲೆಗೆ ತೆಗೆದುಕೊಳ್ಳುತ್ತದೆ ಎಂದು ಪಿಡಿಒ ಅವರಿಂದ ಮೊದಲೇ ಪತ್ರ ಪಡೆಯಿರಿ.

ಹಂತ 2: ದಿನ ಗೊತ್ತುಮಾಡುವುದು

ಇಲ್ಲಿಯ ಪಂಚಾಂಗವನ್ನು ಅಡಿಕೆ ಬರೆಯುತ್ತದೆ. ನವೆಂಬರಿನಿಂದ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಮನೆಮಂದಿಗೆಲ್ಲ ಪುರಸೊತ್ತಿಲ್ಲ. ಮಾರ್ಚ್ ಪರೀಕ್ಷೆಯ ತಿಂಗಳು. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂತೆಂದರೆ ಸುತ್ತಿನ ತಾಲೂಕುಗಳ ಜನ ಅತ್ತಲೇ ಹೊರಡುತ್ತಾರೆ. ಮೇ ತುಂಬ ಮದುವೆ, ಉಪನಯನ, ಗುಡುಗು ಮಳೆ. ಆದ್ದರಿಂದ ಪರೀಕ್ಷೆ ಮುಗಿದ ಮೇಲಿನ ಏಪ್ರಿಲ್ ನಡುವಿನ ಶನಿವಾರ, ಭಾನುವಾರವೇ ಒಳ್ಳೆಯದು.

ಇದಕ್ಕಿಂತ ದೊಡ್ಡ ಕಾರಣ ಮತ್ತೊಂದಿದೆ. ಮಲೆನಾಡಿನಲ್ಲಿ ನಿಜವಾಗಿ ಓದುವ ಕಾಲ ಮಳೆಗಾಲ. ಜೂನ್ ಕಳೆದ ಮೇಲೆ ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಇಲ್ಲವಾಗುತ್ತವೆ, ತೋಟಕ್ಕೆ ಕಾಲಿಡಲಾಗದು. ಏಪ್ರಿಲ್‌ನಲ್ಲಿ ಹಬ್ಬವಾದರೆ ಮೇ ತಿಂಗಳಲ್ಲಿ ದಾಖಲೆ ಮುಗಿದು, ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ ಕಪಾಟಿನಲ್ಲಿರುತ್ತದೆ.

ಹಂತ 3: ಜನ

ಹತ್ತು ಹನ್ನೆರಡು ಮಂದಿ ಸಾಕು. ಲೆಕ್ಕಕ್ಕೆ ಒಬ್ಬರು, ಪುಸ್ತಕ ತರಿಸಲು ಇಬ್ಬರು, ಮಕ್ಕಳ ಮೂಲೆಗೆ ಇಬ್ಬರು ಶಿಕ್ಷಕಿಯರು, ಉಳಿದವರು ಮಾರಾಟದ ಮೇಜಿಗೆ. ಚೀಟಿ ಹರಿದು ರಾತ್ರಿಯಿಡೀ ಯಕ್ಷಗಾನ ಆಡಿಸಿದವರು, ತಾಳಮದ್ದಲೆಗೆ ಮನೆಯ ಜಗಲಿ ಬಿಟ್ಟುಕೊಟ್ಟವರು ನಿಮ್ಮ ಊರಲ್ಲೇ ಇದ್ದಾರೆ. ಅವರನ್ನು ಮೊದಲು ಕೇಳಿ. ಪಕ್ಕದ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಮ್ ನಾಟಕ ಸಂಸ್ಥೆ ಕಟ್ಟಿದ್ದೂ ಊರಿನವರೇ.

ಹಂತ 4: ಪುಸ್ತಕ ತರಿಸುವುದು, ದುಡ್ಡಿನ ಲೆಕ್ಕ

ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಹಬ್ಬದ ತತ್ವವೂ ಅದೇ: ಅಂಗಡಿ ಇಲ್ಲದ ಕಡೆಗೆ ಪುಸ್ತಕವೇ ಹೋಗಬೇಕು. ಪ್ರಕಾಶಕರಿಗೆ ಎರಡು ತಿಂಗಳು ಮೊದಲು ಪತ್ರ ಬರೆಯಿರಿ. ಹತ್ತಿರದಲ್ಲೇ ಹೆಗ್ಗೋಡಿನ ಅಕ್ಷರ ಪ್ರಕಾಶನವಿದೆ. ಧಾರವಾಡದ ಮನೋಹರ ಗ್ರಂಥಮಾಲಾ, ಬೆಂಗಳೂರಿನ ನವಕರ್ನಾಟಕ, ಕನ್ನಡ ಪುಸ್ತಕ ಪ್ರಾಧಿಕಾರ ಇವೆ. ಮಕ್ಕಳಿಗೆ ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಪ್ರಥಮ್ ಬುಕ್ಸ್‌ನ ಕಡಿಮೆ ಬೆಲೆಯ ಕನ್ನಡ ಪುಸ್ತಕಗಳನ್ನು ಮರೆಯಬೇಡಿ. ಒಂದು ಮೇಜು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೇ ಇರಲಿ: ದಿನಕರ ದೇಸಾಯಿ, ಗೌರೀಶ ಕಾಯ್ಕಿಣಿ, ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ, ನಾಗೇಶ ಹೆಗಡೆ.

ಕೇಳಬೇಕಾದದ್ದು ಎರಡೇ: ರಿಯಾಯಿತಿ ಎಷ್ಟು, ಉಳಿದ ಪುಸ್ತಕ ವಾಪಸ್ ತೆಗೆದುಕೊಳ್ಳುತ್ತೀರಾ? ಎರಡನೆಯದಕ್ಕೆ ಒಪ್ಪಿಗೆ ಬರಹದಲ್ಲಿರಲಿ. ವಾಪಸ್ ಇಲ್ಲ ಎಂದವರಿಂದ ಬೇಡಿಕೆ ಪಟ್ಟಿಯಲ್ಲಿರುವುದನ್ನು ಮಾತ್ರ ಕೊಳ್ಳಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲದ್ದರಿಂದ ಲೆಕ್ಕ ಸುಲಭ. ಪ್ರಕಾಶಕರು ಶೇ 30 ಬಿಟ್ಟರೆ, ನೀವು ಓದುಗರಿಗೆ ಶೇ 10 ಬಿಡಿ. ಮುಖಬೆಲೆಯ ಲೆಕ್ಕದಲ್ಲಿ 50,000 ರೂಪಾಯಿಯ ಪುಸ್ತಕ ಹೋದರೆ ಕೈಗೆ 45,000 ಬರುತ್ತದೆ, ಪ್ರಕಾಶಕರಿಗೆ 35,000 ಸಲ್ಲುತ್ತದೆ. ಉಳಿದ 10,000 ಗ್ರಂಥಾಲಯದ್ದು. ಇದನ್ನು ಮುಟ್ಟಬೇಡಿ. ಸಾಗಾಟ, ಚಪ್ಪರ, ಊಟದ ಖರ್ಚಿಗೆ ಊರಿನ ಸೇವಾ ಸಹಕಾರಿ ಸಂಘವನ್ನೋ ಅಂಗಡಿಯವರನ್ನೋ ಬೇರೆಯಾಗಿ ಕೇಳಿ. ಶಾಲು, ಹಾರ, ಫಲಕ ಬೇಡವೇ ಬೇಡ. ಒಂದು ಸನ್ಮಾನದ ದುಡ್ಡಿಗೆ ಮಕ್ಕಳ ಪುಸ್ತಕ ಹತ್ತಾದರೂ ಬರುತ್ತವೆ. ಅತಿಥಿಗಳಿಗೆ ಹೀಗೆಂದು ಹೇಳಿದರೆ ಬೇಸರಿಸುವವರು ಕಡಿಮೆ.

ಹಂತ 5: ಮಂಟಪ

ಪಟ್ಟಣದಲ್ಲಾದರೆ ನೆಹರೂ ಮೈದಾನವೋ ಶಾಲೆಯೋ. ನನ್ನ ಮತ ಶಾಲೆಗೆ, ಏಕೆಂದರೆ ಮೇಲೆ ಸೂರಿದೆ, ಬೆಂಚುಗಳಿವೆ. ಅಡಿಕೆ ದಬ್ಬೆ ಕಟ್ಟಿ ಸ್ಟ್ಯಾಂಡ್ ಮಾಡಿದರೆ ಖರ್ಚಿಲ್ಲ, ನೋಡಲೂ ಚೆಂದ. ಮಕ್ಕಳ ಪುಸ್ತಕ ಮಕ್ಕಳ ಕೈಗೆಟುಕುವಷ್ಟು ಕೆಳಗಿರಲಿ. ಟಾರ್ಪಾಲು ತಪ್ಪದೆ ತಂದಿಡಿ. ಆಸರಿಗೆಯ ಪಾನಕ, ಕವಳದ ಹರಿವಾಣ ಪುಸ್ತಕದ ಮೇಜಿನಿಂದ ದೂರವೇ ಇರಬೇಕು. ಮೊಬೈಲಿನಲ್ಲಿ ದುಡ್ಡು ಹಾಕಲು ನೆಟ್‌ವರ್ಕ್ ಸಿಗದೆ ಹೋಗಬಹುದು, ಚಿಲ್ಲರೆ ಸಾಕಷ್ಟು ಇಟ್ಟುಕೊಳ್ಳಿ.

ಹಂತ 6: ಹಬ್ಬದ ಎರಡು ದಿನ

ಬೇಡಿಕೆ ಪಟ್ಟಿಯ ಪುಸ್ತಕಗಳಿಗೆ ಬೇರೆಯೇ ಮೇಜು ಹಾಕಿ, ಪ್ರತಿ ಪುಸ್ತಕದ ಮೇಲೆ ಊರಿನ ಹೆಸರು ಬರೆದ ಚೀಟಿ ಇಡಿ. ಬಂದವರು ಒಂದನ್ನು ಕೊಂಡು ಒಳಪುಟದಲ್ಲಿ ತಮ್ಮ ಹೆಸರು ಬರೆದು ಆ ಊರಿನ ಗ್ರಂಥಾಲಯಕ್ಕೆಂದು ಅಲ್ಲೇ ಬಿಟ್ಟುಹೋಗುತ್ತಾರೆ. ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳು, ಮೊಮ್ಮಕ್ಕಳು ತಮ್ಮೂರಿನ ಹೆಸರು ಕಂಡರೆ ಬರಿದೆ ಹೋಗಲಾರರು. ಭಾಷಣ ಅರ್ಧ ಗಂಟೆಗೆ ಮುಗಿಯಲಿ. ಅದರ ಬದಲು ಗಟ್ಟಿಯಾಗಿ ಕಥೆ ಓದುವವರನ್ನು ಕೂರಿಸಿ. ತಾಳಮದ್ದಲೆಯ ಅರ್ಥಧಾರಿಗಳ ಬಾಯಲ್ಲಿ ಕಥೆ ಕೇಳಿದ ಮಗು ಆ ಪುಸ್ತಕ ಹುಡುಕಿಕೊಂಡು ಬರುತ್ತದೆ.

ಹಳೆ ಪುಸ್ತಕ ದಾನಕ್ಕೆ ಬಂದರೆ ಒಂದೊಂದಾಗಿ ನೋಡಿ ತೆಗೆದುಕೊಳ್ಳಿ. ಹಳೆಯ ಗೈಡು, ಒರಲೆ ಹಿಡಿದ ಕಟ್ಟು, ಬೂಷ್ಟು ವಾಸನೆಯದ್ದನ್ನು ನಯವಾಗಿ ಬೇಡವೆನ್ನಿ. ಒಂದು ಒರಲೆ ಪುಸ್ತಕ ಇಡೀ ಕಪಾಟು ಕೆಡಿಸೀತು.

ಹಂತ 7: ಕಪಾಟಿಗೆ ಸೇರಿಸುವುದು

ಎಷ್ಟೋ ಕಡೆ ಪುಸ್ತಕದ ಪೆಟ್ಟಿಗೆ ಪಂಚಾಯತ್ ಕಚೇರಿಯ ಮೂಲೆಯಲ್ಲೇ ಮಳೆಗಾಲ ಕಳೆದುಬಿಡುತ್ತದೆ. ಹಬ್ಬ ಮುಗಿದ ವಾರವೇ ಇಬ್ಬರು ಹೋಗಿ ಮೇಲ್ವಿಚಾರಕರ ಜೊತೆ ಸೀಲು ಹೊಡೆದು, ನಂಬರು ಹಾಕಿ, ಸ್ಟಾಕ್ ರಿಜಿಸ್ಟರಿಗೆ ಏರಿಸಿ, ಬೈಂಡು ಹಾಕಿ ಬನ್ನಿ. ಕಪಾಟು ಗೋಡೆಗೆ ಅಂಟದೆ ಒಂದು ಗೇಣು ಈಚೆಗಿರಲಿ, ಕೆಳಗಿನ ಹಲಗೆ ಖಾಲಿ ಇರಲಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ಗಾಳಿ ಆಡಬೇಕು. ಬಿಸಿಲು ಬಿದ್ದ ದಿನ ಕಪಾಟಿನ ಬಾಗಿಲು ತೆರೆದಿಡಲು ಹೇಳಿ. ಖರ್ಚು ವೆಚ್ಚದ ಲೆಕ್ಕವನ್ನು ಗ್ರಂಥಾಲಯದ ನೋಟಿಸ್ ಬೋರ್ಡಿಗೆ ಅಂಟಿಸಿ.

ಆಗಸ್ಟ್ 12, ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಜನ್ಮದಿನ. ದೇಶದಲ್ಲಿ ಗ್ರಂಥಪಾಲಕರ ದಿನ. ಅಂದು ಮತ್ತೆ ಹೋಗಿ ರಿಜಿಸ್ಟರ್ ತೆರೆಯಿರಿ. ಹೊಸ ಪುಸ್ತಕಗಳಲ್ಲಿ ಯಾವುದು ಮನೆಗೆ ಹೋಗಿ ಬಂದಿದೆ, ಯಾವುದು ಕದಲೇ ಇಲ್ಲ ಎಂದು ಗುರುತು ಹಾಕಿಕೊಳ್ಳಿ. ಮುಂದಿನ ಏಪ್ರಿಲ್‌ನ ಬೇಡಿಕೆ ಪಟ್ಟಿಯನ್ನು ಅಲ್ಲೇ ಕೂತು ಬರೆಯಬಹುದು.