ಗುಬ್ಬಿಗೆ ಕಾಳಿಡುವ ಮುನ್ನ

ಆಂಧ್ರದ ಆದೋನಿ, ಆಲೂರು, ಕೋಸಿಗಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗುಬ್ಬಿಗೆಂದು ಯಾರೂ ಬೇರೆ ಜಾಗ ಮಾಡುತ್ತಿರಲಿಲ್ಲ. ಜಂತಿಯ ಸಂದಿಯಲ್ಲಿ ಅದು ತಾನೇ ಗೂಡು ಕಟ್ಟಿಕೊಳ್ಳುತ್ತಿತ್ತು. ಅಂಗಳದಲ್ಲಿ ಕಾಳು ಹಸನು ಮಾಡುವಾಗ ಮೊರದಿಂದ ಸಿಡಿದದ್ದು ಅದರ ಪಾಲು. ಈಗ ಸಿಮೆಂಟಿನ ಚಾವಣಿ ಬಂದಿದೆ, ಕಾಳು ಅಂಗಡಿಯಿಂದ ಪ್ಯಾಕೆಟ್‌ನಲ್ಲಿ ಬರುತ್ತದೆ. ಆ ಪಾಲನ್ನು ಮಕ್ಕಳ ಕೈಯಿಂದ ಮತ್ತೆ ಕೊಡಿಸಬಹುದು. ಆದರೆ ಒಂದು ಮಾತು: ತಟ್ಟೆ ಮಾಡುವುದು ಅರ್ಧ ಗಂಟೆಯ ಕೆಲಸ, ಅದನ್ನು ಸ್ವಚ್ಛವಾಗಿಡುವುದು ದಿನದಿನದ ಕೆಲಸ. ಮಗು ಕಲಿಯಬೇಕಾದದ್ದು ಈ ಎರಡನೆಯದನ್ನು.

ಮೊದಲು ನೀರು

ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹಕ್ಕಿಗೆ ಕಾಳಿಗಿಂತ ನೀರು ಮುಖ್ಯ. ಬಿರುಕು ಬಿಟ್ಟ ಮಡಕೆಯ ಮುಚ್ಚಳ, ಹಳೆಯ ಮಣ್ಣಿನ ತಟ್ಟೆ ಯಾವುದಾದರೂ ಸಾಕು. ಎರಡು ಬೆರಳಿನಷ್ಟು ಆಳ ಇರಲಿ, ನಡುವೆ ಒಂದು ಕಲ್ಲು ಇಡಿ. ಸಣ್ಣ ಹಕ್ಕಿ ಅದರ ಮೇಲೆ ಕುಳಿತು ಕುಡಿಯುತ್ತದೆ. ತಟ್ಟೆ ನೆರಳಲ್ಲಿರಲಿ. ದಿನವೂ ನೀರು ಚೆಲ್ಲಿ, ತಟ್ಟೆ ಉಜ್ಜಿ, ಹೊಸ ನೀರು ಹಾಕಿಸಿ. ನೀರು ವಾರ ನಿಂತರೆ ಅದರಲ್ಲಿ ಸೊಳ್ಳೆ ಮರಿಯಾಗುತ್ತದೆ.

ಆಮೇಲೆ ಕಾಳು

ಎಲ್ಲಕ್ಕಿಂತ ಸುಲಭದ್ದು ತೆನೆ. ಜೋಳದ, ಸಜ್ಜೆಯ ಅಥವಾ ನವಣೆಯ ನಾಲ್ಕು ತೆನೆಗಳನ್ನು ಸುತಳಿಯಿಂದ ಕಟ್ಟಿ ಬಾಗಿಲ ಮುಂದೆ ತೂಗುಹಾಕಿ. ದೇವಸ್ಥಾನಗಳಲ್ಲಿ ಹೀಗೆ ಭತ್ತದ ತೆನೆ ಕಟ್ಟುವುದು ಆಂಧ್ರದ ಹಲವೆಡೆ ಹಿಂದಿನಿಂದ ಬಂದ ರೂಢಿ.

ಬಾಟಲಿಯಿಂದ ಮಾಡುವುದಾದರೆ ಒಂದು ಲೀಟರಿನ ನೀರಿನ ಬಾಟಲಿ, ಒಂದು ಹಳೆಯ ಮರದ ಸೌಟು ತೆಗೆದುಕೊಳ್ಳಿ. ಬಾಟಲಿಯ ಬುಡದಿಂದ ನಾಲ್ಕು ಬೆರಳು ಮೇಲೆ ಎದುರುಬದುರು ಎರಡು ತೂತು ಮಾಡಿ, ಸೌಟನ್ನು ಅಡ್ಡಲಾಗಿ ತೂರಿಸಿ, ಬಟ್ಟಲಿನ ಕಡೆ ತುಸು ಕೆಳಕ್ಕೆ ಬಾಗಿರಲಿ. ಆ ಕಡೆಯ ತೂತು ಸ್ವಲ್ಪ ಅಗಲವಿದ್ದರೆ ಕಾಳು ಮೆಲ್ಲಗೆ ಬಟ್ಟಲಿಗೆ ಇಳಿಯುತ್ತದೆ. ಮಳೆನೀರು ಬಸಿದುಹೋಗಲು ಬುಡದಲ್ಲಿ ಸೂಜಿತೂತುಗಳಿರಲಿ. ಕಾಯಿಸಿದ ಮೊಳೆ, ಕತ್ತರಿ ನಿಮ್ಮ ಕೈಯಲ್ಲೇ ಇರಲಿ. ಅಳತೆ ಗುರುತು ಹಾಕುವುದು, ಕಾಳು ತುಂಬುವುದು, ಹಗ್ಗ ಕಟ್ಟುವುದು ಮಗುವಿನ ಪಾಲು. ಬೆಕ್ಕು ನೆಗೆದರೂ ಸಿಗದಷ್ಟು ಎತ್ತರದಲ್ಲಿ ಕಟ್ಟಿ, ಆದರೆ ತೊಳೆಯಲು ಇಳಿಸಿಕೊಳ್ಳುವಂತಿರಲಿ.

ಇವು ಬೇಡ

ಹತ್ತಿ ಬೆಳೆಯುವ ಮನೆಗಳವರು ಇದನ್ನು ಗಮನವಿಟ್ಟು ಓದಿ. ಕೀಟನಾಶಕದ ಡಬ್ಬಿ, ಬಾಟಲಿಗಳನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಬಳಸಬೇಡಿ. ಮಕ್ಕಳ ಕೈಗೂ ಕೊಡಬೇಡಿ. ಬಿತ್ತನೆಗೆ ತಂದು ಉಳಿದ, ಔಷಧಿ ಹಚ್ಚಿದ ಬಣ್ಣದ ಬೀಜವೂ ಹಕ್ಕಿಗೆ ವಿಷ. ಶೇಂಗಾ ಹಾಕಬಹುದು, ಆದರೆ ಉಪ್ಪಿಲ್ಲದ್ದು, ಸಣ್ಣ ಚೂರು ಮಾಡಿದ್ದು. ಬೂಸ್ಟು ಹಿಡಿದ ಶೇಂಗಾ ಕಣ್ಣಿಗೆ ಬಿದ್ದರೆ ಎಸೆದುಬಿಡಿ. ಉಪ್ಪು ಹಾಕಿದ ಅನ್ನ, ಚಿಪ್ಸ್, ಬಿಸ್ಕತ್ತು ಬೇಡ. ಒಂದು ದಿನಕ್ಕೆ ಒಂದು ಹಿಡಿ ಕಾಳು ಸಾಕು. ಒದ್ದೆಯಾದದ್ದನ್ನು ಅಂದೇ ತೆಗೆಯಿರಿ. ವಾರಕ್ಕೊಮ್ಮೆ ಬಾಟಲಿ ತೊಳೆದು ಬಿಸಿಲಲ್ಲಿ ಒಣಗಿಸಿ. ಹಲವು ಹಕ್ಕಿಗಳು ಒಂದೇ ಕಡೆ ತಿನ್ನುವಾಗ ಹಿಕ್ಕೆಯಿಂದ ರೋಗ ಹರಡುತ್ತದೆ. ತಟ್ಟೆ ಮುಟ್ಟಿದ ಮಗು ಸೋಪಿನಿಂದ ಕೈ ತೊಳೆಯಬೇಕು.

ಗುಬ್ಬಿ ಕಾಳು ತಿಂದರೂ ಅದರ ಎಳೆ ಮರಿಗಳಿಗೆ ಬೇಕಾದದ್ದು ಹುಳುಹುಪ್ಪಟೆ. ಹೀಗಾಗಿ ಅಂಗಳದ ಗಿಡಗಳಿಗೆ ಔಷಧಿ ಹೊಡೆಯದೆ ಬಿಡುವುದೂ ಹಕ್ಕಿಗೆ ಉಣಿಸಿದಂತೆಯೇ.

ಕಾಯುವುದು

ಕಟ್ಟಿದ ದಿನವೇ ಹಕ್ಕಿ ಬರುವುದಿಲ್ಲ. ವಾರ ಹಿಡಿದರೂ ಜಾಗ ಬದಲಿಸಬೇಡಿ. ಮಗುವಿಗೆ ಒಂದು ನೋಟ್‌ಬುಕ್ ಕೊಡಿ. ಯಾವ ಹಕ್ಕಿ, ಎಷ್ಟು ಗಂಟೆಗೆ ಬಂತು, ಏನು ತಿಂದಿತು ಎಂದು ಬರೆಯಲಿ. ನಮ್ಮ ಮಕ್ಕಳಿಗೆ ಕನ್ನಡ, ತೆಲುಗು ಎರಡು ಭಾಷೆಯ ಹೆಸರೂ ಸಿಗುತ್ತದೆ: ಗುಬ್ಬಿಗೆ ಪಿಚ್ಚುಕ, ಗೊರವಂಕಕ್ಕೆ ಗೋರಿಂಕ, ಬೆಳವಕ್ಕೆ ಗುವ್ವ. ಎರಡನ್ನೂ ಬರೆಸಿ. ಗಿಳಿ ಬಂದರೆ ಹಿಡಿದು ಸಾಕುವ ಆಸೆ ಮಗುವಿಗೆ ಬರಬಹುದು. ನಮ್ಮ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂದು ಆಗಲೇ ತಿಳಿಸಿ.

ಊರಿಗೆ ಹೊರಟಾಗ ನೀರಿನ ತಟ್ಟೆ ನೋಡಿಕೊಳ್ಳಿ ಎಂದು ಪಕ್ಕದ ಮನೆಯವರಿಗೆ ಹೇಳಿಬರುವ ಕೆಲಸ ಮಗುವಿಗೇ ಬಿಡಿ. ನೀವು ನೆನಪಿಸದೆ ಅದು ತಾನೇ ಹೋಗಿ ಹೇಳಿಬಂದ ದಿನ, ನೀವು ಕಲಿಸಬೇಕಾದದ್ದನ್ನು ಕಲಿಸಿದ್ದೀರಿ.