ಕರಡು ತಿದ್ದುವ ಮಕ್ಕಳಿಗೆ



ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನವರು ಒಟ್ಟಿಗೆ ಕೂತು ಪಕ್ಷದ ಕಾರ್ಯಕ್ರಮವನ್ನು ಹೊಸದಾಗಿ ಬರೆಯಲು ಹೊರಟಿದ್ದೀರಿ. ಕೇಳಿ ಹಿಗ್ಗಾಯಿತು. ಶುರುವಿನಲ್ಲೇ ನಿಮ್ಮಲ್ಲಿ ಎರಡು ಗುಂಪಾಗಿರುವುದೂ ಗೊತ್ತಾಯಿತು. ಮೊದಲು ಗೆಲ್ಲುವಂಥ ಮಾತು ಬರೆಯೋಣ, ಉಳಿದದ್ದು ಗೆದ್ದಮೇಲೆ ಅನ್ನುವವರು ಒಂದು ಕಡೆ. ನಂಬಿದ್ದನ್ನು ಪೂರ್ತಿ ಬರೆಯಲು ಅಂಜುವುದಾದರೆ ನಮಗೊಂದು ಪಕ್ಷ ಯಾಕೆ ಬೇಕು ಅನ್ನುವವರು ಇನ್ನೊಂದು ಕಡೆ. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಓದಿದ ಮಂದಗಾಮಿ, ತೀವ್ರಗಾಮಿ ಎಂಬ ಹೆಸರುಗಳನ್ನು ಒಬ್ಬರಿಗೊಬ್ಬರು ಅಂಟಿಸಿಕೊಂಡೂ ಆಗಿದೆಯಂತೆ. ಜಗಳ ಆಡಿ, ಬೇಡ ಅನ್ನುವುದಿಲ್ಲ. ಜಗಳವೇ ಇಲ್ಲದ ಸಭೆಯಲ್ಲಿ ಯಾರೋ ಒಬ್ಬರು ಮೊದಲೇ ಎಲ್ಲ ತೀರ್ಮಾನಿಸಿ ಬಂದಿರುತ್ತಾರೆ. ಯಾವುದಕ್ಕೆ ಜಗಳ ಆಡಬೇಕು, ಎಷ್ಟರೊಳಗೆ ಆಡಿ ಮುಗಿಸಬೇಕು ಎಂಬುದಷ್ಟೇ ನನ್ನ ಮಾತು.

ಸಣ್ಣ ಪಕ್ಷದ ಕಾರ್ಯಕ್ರಮವನ್ನು ಯಾರು ಓದುತ್ತಾರೆ ಎಂದು ನಿಮ್ಮಲ್ಲೊಬ್ಬ ಕೇಳಿದನಂತೆ. ಅವನಿಗೆ ಕಾಗೋಡಿನ ಕಥೆ ಹೇಳಿ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಅವರ ಮೊದಲ ಅಹವಾಲು ಕೊಳಗದ್ದು. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುವ ಕೊಳಗ ದೊಡ್ಡದು, ಇದು ಅನ್ಯಾಯ, ಅಳತೆ ಸರಿಯಾಗಬೇಕು ಎಂದರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಮುಂದೆ ನಿಂತಿತು, ಸಮಾಜವಾದಿ ಪಕ್ಷ ಬೆನ್ನಿಗೆ ಬಂತು, ಆ ಪಕ್ಷದ ನಾಯಕ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮಾರನೇ ವರ್ಷದ ಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಆ ಪಕ್ಷ ನಮ್ಮ ರಾಜ್ಯದಲ್ಲಿ ಒಂದು ದಿನವೂ ಅಧಿಕಾರ ಹಿಡಿಯಲಿಲ್ಲ. ಆದರೂ ಉಳುವವನೇ ಹೊಲದೊಡೆಯ ಎಂಬ ಮಾತನ್ನು ಸಭೆಯಿಂದ ಸಭೆಗೆ ಹೊತ್ತುಕೊಂಡು ತಿರುಗಿತು. ಗೋಪಾಲಗೌಡರು 1972ರಲ್ಲಿ ತೀರಿಕೊಂಡರು. 1974ರಲ್ಲಿ ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ತಂದು ಗೇಣಿದಾರನಿಗೆ ಹೊಲದ ಹಕ್ಕು ಕೊಟ್ಟಿತು. ಇವತ್ತು ನಿಮ್ಮಲ್ಲಿ ಕೆಲವರು ಉಳುತ್ತಿರುವ ನೆಲದ ಪಹಣಿಯಲ್ಲಿ ನಿಮ್ಮ ತಾತನ ಹೆಸರು ಬಂದದ್ದು ಹಾಗೆ.

ಮೆಲ್ಲಗೆ ಹೋಗೋಣ ಅನ್ನುವವರು ಇದರಿಂದ ತಿಳಿದುಕೊಳ್ಳಬೇಕಾದದ್ದು ಇದೆ. ಈ ಮಾತು ಹೇಳಿದರೆ ಓಟು ಬೀಳುವುದಿಲ್ಲ ಎಂದು ಸಮಾಜವಾದಿಗಳು 1951ರಲ್ಲೇ ಆ ಸಾಲು ಹೊಡೆದುಹಾಕಿದ್ದರೆ 1974ರಲ್ಲಿ ಎತ್ತಿಕೊಳ್ಳುವುದಕ್ಕೆ ಇನ್ನೊಬ್ಬರ ಕೈಗೆ ಏನೂ ಸಿಗುತ್ತಿರಲಿಲ್ಲ. ಬಿರುಸಿನವರಿಗೂ ಅಷ್ಟೇ ಹೇಳಬೇಕು. ಆ ದೊಡ್ಡ ಮಾತು ಹುಟ್ಟಿದ್ದು ಕಣದಲ್ಲಿದ್ದ ಒಂದು ಕೊಳಗದಿಂದ. ಯಾವ ರೈತನಾದರೂ ಕೈಯಲ್ಲಿ ಹಿಡಿದು, ಇದು ಇಷ್ಟು ದೊಡ್ಡದಿದೆ, ಇಷ್ಟಿರಬೇಕಿತ್ತು ಎಂದು ತೋರಿಸಬಹುದಾಗಿತ್ತು. ನಿಮ್ಮ ಕರಡಿನಲ್ಲಿ ಬಂಡವಾಳಶಾಹಿ, ಸಾಮ್ರಾಜ್ಯಶಾಹಿ ಎಂಬ ಮಾತುಗಳು ಧಾರಾಳವಾಗಿವೆ. ಇರಲಿ. ಕೊಳಗ ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ.

ಒಂದು ಉದಾಹರಣೆಗೆ ನಿಮ್ಮ ಕರಡಿನಿಂದಲೇ ಒಂದು ಸಾಲು ತೆಗೆದುಕೊಳ್ಳುತ್ತೇನೆ. ಕಡೂರಿನ ಪ್ರವಾಸಿ ಮಂದಿರದಲ್ಲಿ ನೀವು ಓದುತ್ತಿದ್ದಾಗ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. 'ಕೃಷಿ ಕಾರ್ಮಿಕರ ಹಿತಾಸಕ್ತಿಯನ್ನು ಕಾಪಾಡಲಾಗುವುದು' ಎಂದು ಬರೆದಿದ್ದಿರಿ. ಬಿರುಸಿನ ಗುಂಪಿನ ಹುಡುಗ ಎದ್ದು, ಇದು ಸಾಲದು, 'ಕೃಷಿ ಕಾರ್ಮಿಕರ ಶೋಷಣೆಯನ್ನು ಸಂಪೂರ್ಣ ಕೊನೆಗಾಣಿಸಲಾಗುವುದು' ಎಂದಾಗಬೇಕು ಅಂದ. ಅರ್ಧ ಗಂಟೆ ಇದೇ ನಡೆಯಿತು. ಅಜ್ಜಂಪುರದ ಕಡೆಯ ಒಬ್ಬ ಹೆಣ್ಣುಮಗಳು ಮೂಲೆಯಲ್ಲಿದ್ದವಳು ಎದ್ದು ಕೇಳಿದಳು: ಈರುಳ್ಳಿ ಕೊಯ್ಯುವುದಕ್ಕೆ ಚೀಲಕ್ಕೆ ಎಷ್ಟು ಅಂತ ಬರೆಯುತ್ತೀರಾ? ಯಾರೂ ಉತ್ತರ ಕೊಡಲಿಲ್ಲ. ಯಾಕೆ ಅಂದರೆ ಆ ಕೋಣೆಯಲ್ಲಿ ಮಂದಗಾಮಿಯೂ ತೀವ್ರಗಾಮಿಯೂ ಇಬ್ಬರೂ ಈರುಳ್ಳಿ ಬೆಳೆಯುವವರೇ, ಕೂಲಿ ಕೊಡುವವರೇ. ನಿಮ್ಮ ಅಷ್ಟೂ ಹೊತ್ತಿನ ವಾದಕ್ಕಿಂತ ಆ ತಾಯಿಯ ಒಂದು ಪ್ರಶ್ನೆ ಹೆಚ್ಚು ಬಿರುಸಾಗಿತ್ತು, ಮತ್ತು ನಾಳೆ ಬೆಳಿಗ್ಗೆಯೇ ಜಾರಿಗೆ ತರಬಹುದಾದದ್ದೂ ಆಗಿತ್ತು. ಕೊಯ್ಲಿಗೆ ಮುಂಚೆ ಊರಿನ ಸಭೆ ಕರೆದು ಚೀಲದ ಕೂಲಿ, ಅಡಿಕೆ ಸುಲಿಯುವ ಕೂಲಿ ಗೊತ್ತುಮಾಡಿ ಪಂಚಾಯ್ತಿ ಗೋಡೆಯ ಮೇಲೆ ಬರೆಯುತ್ತೇವೆ, ನಮ್ಮ ಸಂಘದ ಸದಸ್ಯ ಅದಕ್ಕಿಂತ ಕಮ್ಮಿ ಕೊಟ್ಟರೆ ಅವನ ಸದಸ್ಯತ್ವ ಹೋಗುತ್ತದೆ ಎಂದು ಬರೆಯಿರಿ. ನಿಮ್ಮಲ್ಲಿ ಎಷ್ಟು ಜನ ಕೈ ಎತ್ತುತ್ತೀರಿ ನೋಡೋಣ. ಯಾರು ಮಂದ, ಯಾರು ತೀವ್ರ ಎಂಬುದು ಅಲ್ಲಿ ತೀರ್ಮಾನವಾಗಲಿ.

ರೈತನಿಗೂ ಕೂಲಿಯವನಿಗೂ ನಡುವಿನ ಈ ಅಂತರ ರೈತ ಚಳವಳಿಗೆ ಹಳೇ ಗಾಯ. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ಅದೇ ವರ್ಷ ಶಿವಮೊಗ್ಗದಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದನ್ನು ಕಟ್ಟಿದರು. ಸಾಲಕ್ಕಾಗಿ ಜಪ್ತಿ ಮಾಡಿದ ಸಾಮಾನನ್ನು ಮರುಜಪ್ತಿ ಮಾಡಿ ತಂದು ಮನೆಗೆ ಮುಟ್ಟಿಸಿದ್ದು, ಅಪ್ಪಣೆಯಿಲ್ಲದೆ ವಸೂಲಿ ಅಧಿಕಾರಿಗಳು ಒಳಗೆ ಬರಬಾರದೆಂದು ಊರ ಬಾಗಿಲಲ್ಲಿ ಬೋರ್ಡು ನಿಲ್ಲಿಸಿದ್ದು ಸಾಮಾನ್ಯ ಧೈರ್ಯವಲ್ಲ. ತಲೆ ತಗ್ಗಿಸಿ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದ ರೈತ ತಲೆ ಎತ್ತಿಕೊಂಡು ಹೋಗುವಂತಾದದ್ದು ಆ ದಿನಗಳಿಂದ. ಇಲ್ಲಿಂದ ಒಂದು ಹೊತ್ತಿನ ದಾರಿಯಲ್ಲಿರುವ ಭದ್ರಾವತಿಯಲ್ಲಿ, ಅದಕ್ಕೂ ಕೆಲವು ವರ್ಷ ಮೊದಲು, ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಗೆ ಬೀಜ ಹಾಕಿದ್ದರು. ಎರಡೂ ಚಳವಳಿ ಒಂದೇ ಸೀಮೆಯಲ್ಲಿ ಬೆಳೆದವು. ಹಾಗಿದ್ದೂ ವೈಜ್ಞಾನಿಕ ಬೆಲೆ ಕೇಳುವ ರೈತನೂ ಅವನ ಹೊಲದಲ್ಲಿ ದುಡಿಯುವ ಕೂಲಿಯವನೂ ಒಂದು ಕಾಗದಕ್ಕೆ ಸಹಿ ಹಾಕಲು ಬಹಳ ಕಾಲ ಹಿಡಿಯಿತು. 2005ರಲ್ಲಿ ದೇವನೂರ ಮಹಾದೇವ ಅವರಂಥವರು ಮುಂದೆ ನಿಂತು ರೈತ ಸಂಘದ ಒಂದು ಬಣವನ್ನೂ ದಲಿತ ಸಂಘರ್ಷ ಸಮಿತಿಯವರನ್ನೂ ಸೇರಿಸಿ ಸರ್ವೋದಯ ಕರ್ನಾಟಕ ಪಕ್ಷ ಮಾಡಿದ್ದು ಇದಕ್ಕಾಗಿಯೇ. ಆ ಒಪ್ಪಂದವನ್ನು ಊರಿನ ಮಟ್ಟದಲ್ಲಿ ನಿಜ ಮಾಡುವ ಕೆಲಸ ಇನ್ನೂ ಬಾಕಿ ಇದೆ, ಅದು ನಿಮ್ಮ ಪಾಲಿಗೆ ಬಂದಿದೆ.

ಇನ್ನು ಒಡಕಿನ ವಿಚಾರ. ರೈತ ಸಂಘ ಎಷ್ಟು ಬಣವಾಗಿದೆ ಎಂದು ನನ್ನನ್ನು ಕೇಳಬೇಡಿ, ಹೇಳುವಾಗ ನಾಲಿಗೆ ಎಳೆಯುತ್ತದೆ. ಬೇರೆಬೇರೆ ಬಣಗಳ ಬೇಡಿಕೆ ಪಟ್ಟಿ ತಂದು ಪಕ್ಕಪಕ್ಕ ಇಟ್ಟು ನೋಡಿ. ಸಾಲ ಮನ್ನಾ, ವೈಜ್ಞಾನಿಕ ಬೆಲೆ, ಪಂಪ್‌ಸೆಟ್ಟಿಗೆ ಕರೆಂಟು, ಬಗರ್‌ಹುಕುಂ ಸಕ್ರಮ, ಬೆಳೆ ವಿಮೆ. ಅಕ್ಷರ ಬೇರೆ, ಸರಕು ಅದೇ. ಹಾಗಾದರೆ ಒಡೆದದ್ದು ಯಾವುದರಿಂದ? ಚುನಾವಣೆಯಿಂದ ಎಂದೇ ನನ್ನ ತೀರ್ಮಾನ. ಸಂಘ ಚುನಾವಣೆಗೆ ನಿಲ್ಲಬೇಕೇ ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು. 1989ರಲ್ಲಿ ನಿಂತಾಗ ಬಾಬಾಗೌಡ ಪಾಟೀಲರು ಎರಡು ಕ್ಷೇತ್ರದಲ್ಲಿ ಗೆದ್ದರು, ಬಿಟ್ಟುಕೊಟ್ಟ ಧಾರವಾಡ ಗ್ರಾಮಾಂತರದ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿಯವರು ಗೆದ್ದು ಬಂದರು. 1994ರಲ್ಲಿ ಪಾಂಡವಪುರದಿಂದ ಕೆ.ಎಸ್. ಪುಟ್ಟಣ್ಣಯ್ಯ ಗೆದ್ದರು. ಮುಂದೆ ಬಾಬಾಗೌಡರು ಬಿಜೆಪಿ ಸೇರಿ 1998ರಲ್ಲಿ ಕೇಂದ್ರದಲ್ಲಿ ಮಂತ್ರಿಯಾದರು. ಪುಟ್ಟಣ್ಣಯ್ಯನವರೂ ನಂಜುಂಡಸ್ವಾಮಿಯವರೂ ಬೇರೆಬೇರೆ ದಾರಿ ಹಿಡಿದರು. 2017ರಲ್ಲಿ ಸರ್ವೋದಯ ಕರ್ನಾಟಕ ಪಕ್ಷ ಸ್ವರಾಜ್ ಇಂಡಿಯಾದಲ್ಲಿ ಸೇರಿತು. 2023ರಲ್ಲಿ ದರ್ಶನ್ ಪುಟ್ಟಣ್ಣಯ್ಯ ಮೇಲುಕೋಟೆಯಲ್ಲಿ ಗೆದ್ದದ್ದು ಮತ್ತೆ ಸರ್ವೋದಯ ಕರ್ನಾಟಕದ ಹೆಸರಿನಲ್ಲಿ, ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಾಗ. ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ, ಅವರಲ್ಲಿ ಹಲವರು ಲಾಠಿ ಏಟು ತಿಂದು ಜೈಲು ಕಂಡವರು. ಯಾರ ಜೊತೆ ಸೇರಬೇಕು, ಟಿಕೆಟ್ ಯಾರು ತೀರ್ಮಾನಿಸಬೇಕು, ಗೆದ್ದವನು ಸಂಘಕ್ಕೆ ಹೇಗೆ ಲೆಕ್ಕ ಒಪ್ಪಿಸಬೇಕು ಎಂಬುದನ್ನು ಚುನಾವಣೆ ಹತ್ತಿರ ಬಂದಾಗ, ಹೆಸರುಗಳು ಮುಂದೆ ಬಂದಮೇಲೆ ಮಾತಾಡಲು ಕೂತರೆ ಅದು ಆ ಹೆಸರುಗಳ ಜಗಳವೇ ಆಗುತ್ತದೆ. ಆಮೇಲೆ ಮಂದಗಾಮಿ ತೀವ್ರಗಾಮಿ ಅನ್ನುವುದೆಲ್ಲ ಆ ಜಗಳಕ್ಕೆ ಹೊದಿಸುವ ಬಟ್ಟೆ.

ಆದ್ದರಿಂದ ಆ ಮೂರು ಪ್ರಶ್ನೆಗೆ ಉತ್ತರವನ್ನು ಈಗಲೇ, ಯಾವ ಚುನಾವಣೆಯೂ ಎದುರಿಗೆ ಇಲ್ಲದಾಗ, ಕಾರ್ಯಕ್ರಮದ ಒಳಗೇ ಬರೆದುಬಿಡಿ. ದೊಡ್ಡ ಪಕ್ಷದ ಜೊತೆ ಹೊಂದಾಣಿಕೆ ಬೇಕೇ ಬೇಕು ಅನ್ನುವವರು ನಿಮ್ಮಲ್ಲಿದ್ದಾರೆ. ಆಗಲಿ. ಯಾವ ಬೇಡಿಕೆಗೆ ಅವರು ಬರಹದಲ್ಲಿ ಒಪ್ಪಬೇಕು, ಒಪ್ಪಿ ತಪ್ಪಿದರೆ ನಾವು ಎಷ್ಟು ದಿನದಲ್ಲಿ ಹೊರಗೆ ಬರುತ್ತೇವೆ ಎಂಬುದು ಅದರ ಪಕ್ಕದಲ್ಲೇ ಇರಲಿ. ಹೊಂದಾಣಿಕೆ ವಿಷಯದಲ್ಲಿ ತರೀಕೆರೆಯವರಿಗೆ ಒಂದು ಹಳೇ ಸಂಗತಿ ಜ್ಞಾಪಿಸುತ್ತೇನೆ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯದ ಭಾರ, ಅಧಿಕಾರಿಗಳ ಕಾಟ ತಾಳಲಾರೆವು ಎಂದು ಎದ್ದರು. ತರೀಕೆರೆ ಪಾಳೆಯಗಾರ ರಂಗಪ್ಪ ನಾಯಕ, ಸರ್ಜಾ ಹನುಮಪ್ಪ ನಾಯಕ ಅದರ ಜೊತೆ ಕೈ ಜೋಡಿಸಿದರು. ಅವರ ಶೌರ್ಯದ ಬಗ್ಗೆ ನೀವು ಹೆಮ್ಮೆಯಿಂದ ಮಾತಾಡುತ್ತೀರಿ, ಅದು ಸರಿಯೇ. ಆದರೆ ರೈತ ಕೇಳಿದ್ದು ಕಂದಾಯ ಇಳಿಸಿ ಎಂದು, ನಾಯಕರಿಗೆ ಬೇಕಿದ್ದದ್ದು ಕಳೆದುಹೋದ ಸೀಮೆ. ಕೊನೆಗೆ 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯಿತು. ಜೊತೆಗೆ ಬಂದವರಿಗೆ ಏನು ಬೇಕು ಎಂದು ಮೊದಲೇ ಕೇಳಿಕೊಳ್ಳಬೇಕು.

ನೀರಿನ ಅಧ್ಯಾಯವನ್ನು ನೀವು ಖಾಲಿ ಬಿಟ್ಟಿದ್ದೀರಿ. ಯಾಕೆ ಬಿಟ್ಟಿರಿ ಎಂದು ನನಗೆ ಗೊತ್ತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ನೀರು ಮೇಲ್ದಂಡೆ ಯೋಜನೆಗೆ ಹೋದರೆ ನಮ್ಮ ಗತಿ ಏನು ಎಂದು ಹಳೇ ಅಚ್ಚುಕಟ್ಟಿನವರು ಕೇಳುತ್ತಾರೆ. ಕೊಳವೆಬಾವಿ ಕೊರೆಸಿ ಕೊರೆಸಿ ಸೋತು, ಟ್ಯಾಂಕರಿನಲ್ಲಿ ತೆಂಗಿನ ತೋಟ ಉಳಿಸಿಕೊಂಡ ಕಡೂರಿನವರು ನಮ್ಮ ಕೆರೆಗೆ ಯಾವತ್ತು ನೀರು ಎಂದು ಕೇಳುತ್ತಾರೆ. ಅಜ್ಜಂಪುರದ ಹತ್ತಿರ ಸುರಂಗ ಕೊರೆದದ್ದೇ ಮುಂದೆ ಚಿತ್ರದುರ್ಗ, ತುಮಕೂರಿನ ಕಡೆಗೆ ನೀರು ಹೋಗಲಿ ಎಂದು. ಯೋಜನೆಯ ಕಾಗದದಲ್ಲಿ ಲೆಕ್ಕ ಸ್ಪಷ್ಟವಾಗಿದೆ: ತುಂಗೆಯಿಂದ ಭದ್ರೆಗೆ 17.40 ಟಿಎಂಸಿ ಎತ್ತಬೇಕು, ಭದ್ರೆಯಿಂದ ಸುರಂಗಕ್ಕೆ 29.90 ಟಿಎಂಸಿ ಹೋಗಬೇಕು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಎಂದು ಘೋಷಣೆಯೂ ಆಯಿತು. ತುಂಗೆಯದು, ಭದ್ರೆಯದು ಎಂದು ಎರಡು ಲೆಕ್ಕ ಇವೆಯಲ್ಲ, ಇವೇ ನಿಮ್ಮ ಕೊಳಗ. ತುಂಗೆಯಿಂದ ಎಷ್ಟು ಬಂದಿದೆ, ಭದ್ರೆಯಿಂದ ಎಷ್ಟು ಹೋಗಿದೆ ಎಂದು ಪ್ರತಿ ವರ್ಷ ಊರಿಗೆ ತಿಳಿಯುವಂತೆ ಬಹಿರಂಗ ಮಾಡಬೇಕು, ತುಂಗೆಯಿಂದ ಬಾರದೆ ಭದ್ರೆಯ ಹಳೇ ಅಚ್ಚುಕಟ್ಟಿಗೆ ಕೈ ಹಾಕಬಾರದು, ಬಂದಮೇಲೆ ಕಡೂರಿನ ಕೆರೆಗಳನ್ನು ಬಿಟ್ಟು ಮುಂದೆ ಹೋಗಬಾರದು ಎಂದು ಕೇಳಲು ಮೂರೂ ತಾಲ್ಲೂಕಿನವರಿಗೆ ಅಡ್ಡಿ ಏನಿದೆ? ಅಧ್ಯಾಯ ಖಾಲಿ ಬಿಟ್ಟರೆ ಒಗ್ಗಟ್ಟು ಉಳಿಯುತ್ತದೆ ಎಂದು ನೀವು ಭಾವಿಸಿದ್ದೀರಿ. ಆ ಖಾಲಿ ಜಾಗದಲ್ಲಿ ನಾಳೆ ಬೇರೆಯವರು ಬಂದು ನಿಮ್ಮನ್ನು ಕಾಲುವೆಯ ಆಚೆ ಈಚೆ ನಿಲ್ಲಿಸಿಬಿಡುತ್ತಾರೆ.

ಅಮೃತಮಹಲ್ ಕಾವಲಿನ ನೆಲ ದನಕ್ಕೆ ಉಳಿಯಬೇಕೇ, ಸಾಗುವಳಿ ಮಾಡಿಕೊಂಡವರಿಗೆ ಸಿಗಬೇಕೇ ಎಂಬುದನ್ನೂ ಹೀಗೇ, ಸರ್ವೆ ನಂಬರು ಇಟ್ಟುಕೊಂಡು ಮಾತಾಡಿ. ಭೂಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಬಂದಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಅದನ್ನು ವಾಪಸು ತೆಗೆಯಬೇಕೆಂಬ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಮೆತ್ತಗೆ ಮಾಡಬೇಡಿ. ಗೇಣಿದಾರ ಪಡೆದ ನೆಲ ಮೊಮ್ಮಗನ ಕಾಲಕ್ಕೆ ಲೇಔಟಾಗಿ ಹೋಗುವುದನ್ನು ಕಡೂರು, ಬೀರೂರು ರಸ್ತೆಯ ಎರಡೂ ಪಕ್ಕ ನೀವೇ ನೋಡುತ್ತಿದ್ದೀರಿ.

ಓಟು ಹಾಕಿ ತೀರ್ಮಾನಿಸುವಾಗ ಸೋತ ಗುಂಪಿನ ಅಭಿಪ್ರಾಯವನ್ನೂ ಅವರದೇ ಮಾತಿನಲ್ಲಿ ಕೊನೆಯಲ್ಲಿ ಅಚ್ಚು ಹಾಕಿಸಿ. ಎರಡು ವರ್ಷಕ್ಕೊಮ್ಮೆ ಅದನ್ನು ಮತ್ತೆ ಸಭೆಯ ಮುಂದೆ ತರುವ ಹಕ್ಕು ಅವರಿಗೆ ಇರಲಿ. ಅಷ್ಟು ಜಾಗ ಸಿಕ್ಕವನು ಬೇರೆ ಬೋರ್ಡು ಬರೆಸಲು ಹೋಗುವುದಿಲ್ಲ. 1955ರಲ್ಲಿ ಸಮಾಜವಾದಿಗಳು ಒಡೆದಾಗ ಲೋಹಿಯಾ ಎತ್ತಿದ ಪ್ರಶ್ನೆ ದೊಡ್ಡದೇ ಆಗಿತ್ತು. ತಿರುವಾಂಕೂರು ಕೊಚ್ಚಿಯಲ್ಲಿ ತಮ್ಮದೇ ಪಕ್ಷದ ಸರ್ಕಾರದ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದ್ದರು. ಅಂಥ ಪ್ರಶ್ನೆಗೆ ಪಕ್ಷದ ಒಳಗೇ ನಿಲ್ಲಲು ಜಾಗವಿದ್ದಿದ್ದರೆ ನಮ್ಮ ಸೀಮೆಯ ಎಷ್ಟೋ ಒಳ್ಳೆಯ ಕಾರ್ಯಕರ್ತರು ಅತ್ತ ಇತ್ತ ಹಂಚಿಹೋಗುತ್ತಿರಲಿಲ್ಲ ಎಂದು ನನಗೆ ಈಗಲೂ ನೋವಾಗುತ್ತದೆ.

ಮುಂದಿನ ಓದನ್ನು ಪ್ರವಾಸಿ ಮಂದಿರದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಇಡಬೇಡಿ. ಆ ಹೊತ್ತಿನಲ್ಲಿ ಕೂಲಿಯವರು ಹೊಲದಲ್ಲಿರುತ್ತಾರೆ. ಅಜ್ಜಂಪುರದ ಕಡೆ ಯಾವುದಾದರೂ ಹಳ್ಳಿಯಲ್ಲಿ, ಸಂಜೆ ಏಳರ ಮೇಲೆ, ಕಾಲೋನಿಯ ಸಮುದಾಯ ಭವನದಲ್ಲಿ ಇಟ್ಟುಕೊಳ್ಳಿ. ಕರಡನ್ನು ಆ ಹೆಣ್ಣುಮಗಳ ಕೈಗೆ ಎರಡು ದಿನ ಮುಂಚೆಯೇ ಕೊಡಿ, ಮೊದಲು ಮಾತಾಡಲು ಅವಳನ್ನೇ ಕರೆಯಿರಿ.