ಕಿಲೋಮೀಟರಿಗೆ ಎರಡು ಪೈಸೆ

ಸರ್ವೀಸ್ ಬಿಲ್ ಕೈಗೆ ಬಂದ ಕೂಡಲೇ ನನ್ನ ಕಣ್ಣು ಹೋಗುವುದು 'ಟ್ಯೂನಪ್' ಎಂಬ ಸಾಲಿಗೆ. ಆಯಿಲ್ ಇಷ್ಟು ಲೀಟರ್, ಫಿಲ್ಟರ್ ಒಂದು ಎಂದು ಉಳಿದ ಸಾಲುಗಳಲ್ಲಿ ಲೆಕ್ಕವಾದರೂ ಇರುತ್ತದೆ. ಟ್ಯೂನಪ್ಪಿಗೆ ಅದೂ ಇಲ್ಲ. ಕಾರ್ಬುರೇಟರ್ ಕಾಲದಲ್ಲಿ ಮೆಕ್ಯಾನಿಕ್ ಕಿವಿಗೊಟ್ಟು ಸ್ಕ್ರೂ ತಿರುಗಿಸುತ್ತಿದ್ದ, ಆ ಕೈಗೆ ಕೂಲಿ ಕೊಡುತ್ತಿದ್ದೆವು. ಈಗ ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಬಿಡುತ್ತದೆ. ಥ್ರಾಟಲ್ ಬಾಡಿ ಒರೆಸುವುದನ್ನು ಬಿಟ್ಟರೆ, ಆ ಸಾಲಿನಲ್ಲಿ ನಿಜವಾಗಿ ಬದಲಾಗಬಹುದಾದ ವಸ್ತು ಸ್ಪಾರ್ಕ್ ಪ್ಲಗ್ ಒಂದೇ. ಅದೂ ಕೆಲವೊಮ್ಮೆ ಬದಲಾಗಿರುವುದಿಲ್ಲ.

ನಮ್ಮದು ಮೂರು ಸಿಲಿಂಡರಿನ ಚಿಕ್ಕ ಪೆಟ್ರೋಲ್ ಕಾರು. ಸಿಲಿಂಡರಿಗೊಂದರಂತೆ ಮೂರು ಪ್ಲಗ್. ಡೀಸೆಲ್ ಕಾರಿನವರು ಈ ವಾರ ಅಂಕಣ ಬಿಟ್ಟು ಮುಂದಿನ ಪುಟಕ್ಕೆ ಹೋಗಬಹುದು, ಅವರಿಗೆ ಈ ಖರ್ಚೇ ಇಲ್ಲ. ಸಾಮಾನ್ಯ ನಿಕಲ್ ಪ್ಲಗ್ಗಿಗೆ ಒಂದಕ್ಕೆ ಸುಮಾರು 150 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಸೇರಿ 128 ರೂಪಾಯಿ ಇದ್ದದ್ದು 118 ಆಗಬೇಕು. ಅಂಗಡಿಯವರು ಹಳೇ ಡಬ್ಬಿ ಮುಂದಿಟ್ಟರೆ ಇದನ್ನು ಕೇಳಲು ಸಂಕೋಚ ಬೇಡ.

ಯಾವಾಗ ಬದಲಿಸಬೇಕು? ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ನಿಕಲ್ ಪ್ಲಗ್ಗಿಗೆ ಸಾಮಾನ್ಯವಾಗಿ 20ರಿಂದ 40 ಸಾವಿರ ಕಿ.ಮೀ., ಇರಿಡಿಯಂ ಆದರೆ 80 ಸಾವಿರದಿಂದ ಒಂದು ಲಕ್ಷ. ಒಂದೇ ಬಗೆಯ ಪ್ಲಗ್ಗಿಗೂ ಅಂತರ ಇಷ್ಟು ಅಗಲವಾಗಿರುವುದಕ್ಕೆ ಕಾರಣ ನಮ್ಮ ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಸಿಗುತ್ತದೆ.

ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತು ತಿರುಗಿದರೆ ಪ್ರತಿ ಪ್ಲಗ್ಗೂ ಒಂದು ಸಲ ಕಿಡಿ ಹಾರಿಸುತ್ತದೆ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ಹಾಕುತ್ತದೆ ಎಂದುಕೊಳ್ಳಿ. ನಿಮಿಷಕ್ಕೆ 400 ಕಿಡಿ, ಗಂಟೆಗೆ 24,000. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಕಾರು ಒಂದಡಿಯೂ ಮುಂದೆ ಹೋಗದಿದ್ದಾಗ ಮೀಟರ್ ಸುಮ್ಮನಿರುತ್ತದೆ, ಪ್ಲಗ್ ಸವೆಯುತ್ತಲೇ ಇರುತ್ತದೆ. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ ಬೇಕಿತ್ತು, ಅಂದರೆ ಗಂಟೆಗೆ 21 ಕಿ.ಮೀ. ಆ ವೇಗದಲ್ಲಿ 40,000 ಕಿ.ಮೀ. ಮುಗಿಸಲು ಎಂಜಿನ್ 1,900 ಗಂಟೆ ದುಡಿಯಬೇಕು. ಅದೇ ದೂರವನ್ನು ಮೈಸೂರಿನ ಎಕ್ಸ್‌ಪ್ರೆಸ್‌ವೇಯಲ್ಲಿ 80ರ ವೇಗದಲ್ಲಿ ಓಡಿಸಿದರೆ 500 ಗಂಟೆ ಸಾಕು. ಹೆದ್ದಾರಿಯಲ್ಲಿ ಎಂಜಿನ್ ಜೋರಾಗಿ ತಿರುಗುತ್ತದೆ ನಿಜ. ಊರೊಳಗೆ ಸರಾಸರಿ 1,300 ಸುತ್ತು, ಹೆದ್ದಾರಿಯಲ್ಲಿ 2,500 ಎಂದಿಟ್ಟು ಗುಣಿಸಿದೆ. ಊರೊಳಗಿನ ಕಾರಿನ ಪ್ಲಗ್ಗಿಗೆ ಏಳು ಕೋಟಿ ದಾಟಿ ಕಿಡಿಗಳು, ಹೆದ್ದಾರಿಯ ಕಾರಿಗೆ ನಾಲ್ಕು ಕೋಟಿಗೂ ಕಮ್ಮಿ. ಮೀಟರಿನಲ್ಲಿ ಎರಡೂ ಒಂದೇ.

ನಮ್ಮ ಕಾರು ಎರಡೂ ಬಗೆಯ ಬದುಕು ಕಂಡಿದೆ. ಮೈಸೂರು ರಸ್ತೆಯ ನಡುವೆ ಮೆಟ್ರೋ ಕಂಬ ಏಳುತ್ತಿದ್ದ ವರ್ಷಗಳಲ್ಲಿ ಅದು ಕೆಂಗೇರಿ ಉಪನಗರದಿಂದ ಬಸವೇಶ್ವರನಗರಕ್ಕೆ ದಿನಾ ಹೋಗಿಬರುತ್ತಿತ್ತು. 2021ರ ಆಗಸ್ಟ್ ಕೊನೆಗೆ ನೇರಳೆ ಮಾರ್ಗ ಕೆಂಗೇರಿಗೆ ಬಂತು, ನಾನು ರೈಲು ಹತ್ತಿದೆ, ಕಾರು ಭಾನುವಾರದ್ದಾಯಿತು. ಈಗ ವರ್ಷಕ್ಕೆ ಹೆಚ್ಚುಕಡಿಮೆ ಆರು ಸಾವಿರ ಕಿ.ಮೀ., ಅದರಲ್ಲೂ ಮೈಸೂರಿನ ಓಡಾಟವೇ ಜಾಸ್ತಿ. ದಿನಾ ಟ್ರಾಫಿಕ್ಕಿನಲ್ಲಿ ನಿಲ್ಲುತ್ತಿದ್ದಾಗ ಪುಸ್ತಕದ ಅವಧಿಗಿಂತ ಮೊದಲೇ ಪ್ಲಗ್ ಬಿಚ್ಚಿಸಿ ನೋಡುತ್ತಿದ್ದೆ. ಈಗ ಪುಸ್ತಕ ಹೇಳುವಷ್ಟು ದಿನ ನಿಶ್ಚಿಂತೆ.

ಇನ್ನು ಇರಿಡಿಯಂ. 'ಮೇಡಂ, ಒಮ್ಮೆ ಹಾಕಿಸಿದರೆ ಲಕ್ಷ ಕಿಲೋಮೀಟರ್ ಯೋಚನೆಯಿಲ್ಲ' ಎಂದು ಕೌಂಟರಿನಲ್ಲಿ ಹೇಳುತ್ತಾರೆ. ಸುಳ್ಳಲ್ಲ. ಒಂದಕ್ಕೆ 650 ಎಂದಿಟ್ಟರೆ ಮೂರಕ್ಕೆ 1,950, ಕೂಲಿ 250, ಒಟ್ಟು 2,200. ಲಕ್ಷ ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 2.2 ಪೈಸೆ. ನಿಕಲ್ ಆದರೆ 450 ಮತ್ತು ಕೂಲಿ 250, ಒಟ್ಟು 700. ನಲವತ್ತು ಸಾವಿರಕ್ಕೆ ಹಂಚಿದರೆ 1.75 ಪೈಸೆ. ವ್ಯತ್ಯಾಸ ಅರ್ಧ ಪೈಸೆಯೂ ಇಲ್ಲ, ಜಗಳವಾಡುವ ಮೊತ್ತವೇ ಅಲ್ಲ. ಆದರೆ ವರ್ಷಕ್ಕೆ ಆರು ಸಾವಿರ ಓಡುವ ಕಾರಿಗೆ ಲಕ್ಷ ಕಿಲೋಮೀಟರ್ ಅಂದರೆ ಹದಿನಾರು ವರ್ಷ ದಾಟುತ್ತದೆ. ಖಾಸಗಿ ಕಾರಿನ ಆರ್‌ಸಿಗೇ ಹದಿನೈದು ವರ್ಷ ಆಯಸ್ಸು. ನಮ್ಮಂಥವರು ಹಾಕಿಸಿದ ಇರಿಡಿಯಂ ಪ್ಲಗ್ಗಿನ ಲಾಭ ಮುಂದೆ ಆ ಕಾರು ಕೊಳ್ಳುವವರಿಗೆ ಹೋಗುತ್ತದೆ.

ಬಾಡಿಗೆ ಕಾರು ಓಡಿಸುವವರ ಲೆಕ್ಕ ಬೇರೆ. ದಿನಕ್ಕೆ ಇನ್ನೂರು ಕಿ.ಮೀ. ಓಡಿಸುವವನಿಗೆ ಗ್ಯಾರೇಜಿನಲ್ಲಿ ಹೋದ ಅರ್ಧ ದಿನವೇ ಪ್ಲಗ್ಗಿಗಿಂತ ದುಬಾರಿ, ಅವನು ಇರಿಡಿಯಂ ಹಾಕಿಸಲಿ. ಪ್ಲಗ್ ತೆಗೆಯಲು ಮೇಲಿನ ಅರ್ಧ ಎಂಜಿನ್ನನ್ನೇ ಬಿಚ್ಚಬೇಕಾದ ಕಾರುಗಳಿಗೂ ಅದೇ ಮಾತು. ಕಂಪನಿಯಿಂದಲೇ ಇರಿಡಿಯಂ ಬಂದಿದ್ದರೆ ನಿಕಲ್‌ಗೆ ಇಳಿಯಬೇಡಿ. ಸಿಎನ್‌ಜಿ ಹಾಕಿಸಿದವರ ಪ್ಲಗ್ ಬೇಗ ಸವೆಯುತ್ತದೆ. ಆ ಅನಿಲ ಹೊತ್ತಿಕೊಳ್ಳಲು ಹೆಚ್ಚು ವೋಲ್ಟೇಜ್ ಕೇಳುತ್ತದೆ.

ಮೈಲೇಜ್ ಆಸೆಗೆ ಬದಲಿಸುವವರಿಗೆ ಒಂದು ಮಾತು. ಲೀಟರಿಗೆ 16 ಕಿ.ಮೀ. ಕೊಡುವ ಕಾರು ಆರು ಸಾವಿರ ಕಿಲೋಮೀಟರಿಗೆ 375 ಲೀಟರ್ ಕುಡಿಯುತ್ತದೆ, 103ರ ದರದಲ್ಲಿ 38,600 ರೂಪಾಯಿ. ಹೊಸ ಪ್ಲಗ್ಗಿನಿಂದ ಶೇ 2 ಉಳಿಯಿತೆಂದರೂ ವರ್ಷಕ್ಕೆ 770 ರೂಪಾಯಿ. ಬೇಡವೆನ್ನಬೇಕಿಲ್ಲ, ಹಿಗ್ಗಬೇಕಾದದ್ದೂ ಇಲ್ಲ.

ದುಡ್ಡು ಹೋಗುವುದು ತಡ ಮಾಡಿದಾಗ. ಕಿಡಿ ಹಾರುವ ತುದಿ ಸವೆದು ದುಂಡಗಾದಂತೆ, ನಡುವಿನ ಸಂದು ಅಗಲವಾದಂತೆ, ಅದನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕು. ಆ ಭಾರ ಕಾಯಿಲ್ ಮೇಲೆ ಬೀಳುತ್ತದೆ. ಒಂದು ಕಾಯಿಲ್‌ಗೆ ಒಂದೂವರೆ ಸಾವಿರದಿಂದ ಮೇಲೆ. ಕಿಡಿ ಆಗಾಗ ತಪ್ಪಿದರೆ, ಮೆಕ್ಯಾನಿಕ್‌ಗಳು 'ಮಿಸ್ಸಿಂಗ್' ಅನ್ನುತ್ತಾರಲ್ಲ, ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜಾಲರಿ ಕರಗುತ್ತದೆ. ಅದರ ಬೆಲೆ ಹತ್ತಾರು ಸಾವಿರ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಸುಮ್ಮನೆ ಉರಿದರೆ ಗ್ಯಾರೇಜಿಗೆ ಹೋಗಿ. ಮಿಟುಕಿದರೆ ಕಾರು ಪಕ್ಕಕ್ಕೆ ಹಾಕಿ.

ನಮ್ಮ ಕಾರು ಒಂದು ಮಳೆಗಾಲದಲ್ಲಿ ಬ್ರಿಡ್ಜ್ ಏರುವಾಗ ಎಳೆಯದೆ ನಡುಗತೊಡಗಿತು. ದೊಡ್ಡ ಗ್ಯಾರೇಜೊಂದು ಮೂರೂ ಕಾಯಿಲ್, ಮೂರೂ ಇರಿಡಿಯಂ ಎಂದು ಒಂಬತ್ತು ಸಾವಿರದ ಹತ್ತಿರ ಅಂದಾಜು ಬರೆದುಕೊಟ್ಟಿತು. ಉಪನಗರದ ಮೆಕ್ಯಾನಿಕ್ ಹುಡುಗ ಏನೂ ಕೊಳ್ಳದೆ ಶುರು ಮಾಡಿದ. ಎರಡನೇ ಸಿಲಿಂಡರಿನ ಕಾಯಿಲ್ ತೆಗೆದು ಒಂದನೆಯದಕ್ಕೆ ಹಾಕಿದ, ಅಲ್ಲಿಯದನ್ನು ಇಲ್ಲಿಗೆ. ಸ್ಕ್ಯಾನರ್ ಇನ್ನೂ ಎರಡನೇ ಸಿಲಿಂಡರನ್ನೇ ತೋರಿಸಿತು. 'ಕಾಯಿಲ್ ಚೆನ್ನಾಗೈತೆ ಅಕ್ಕ, ಪ್ಲಗ್ಗೇ ಹೋಗಿರೋದು' ಅಂದ. ಮಿಸ್ಸಿಂಗ್ ಕಾಯಿಲ್ ಜೊತೆ ಜಾಗ ಬದಲಿಸಿದ್ದರೆ ಕಾಯಿಲ್ ಕೊಳ್ಳಬೇಕಿತ್ತು. ಹತ್ತು ನಿಮಿಷದ ಈ ಪರೀಕ್ಷೆಯನ್ನು ಮಾಡಿಸದೆ ಕಾಯಿಲ್‌ಗೆ ದುಡ್ಡು ಕೊಡಬೇಡಿ.

ಹಾಗೆಂದು ಆ ಹುಡುಗ ಹೇಳಿದ್ದಕ್ಕೆಲ್ಲ ನಾನು ತಲೆಯಾಡಿಸಲಿಲ್ಲ. ಅವನ ಡಬ್ಬದಲ್ಲಿ ಬೇರೆ ಕಂಪನಿಯ ಪ್ಲಗ್ ಇತ್ತು, 'ನಂಬರ್ ಒಂದೇ' ಅಂದ. ಪ್ಲಗ್ಗಿನ ಮೇಲಿನ ಅಂಕಿ ಅದು ಎಷ್ಟು ಬಿಸಿ ಹಿಡಿದಿಡುತ್ತದೆ ಎಂಬುದನ್ನು ಹೇಳುತ್ತದೆ. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗೆ, ಬಾಷ್‌ನಲ್ಲಿ ಅಂಕಿ ಏರಿದಂತೆ ಬಿಸಿ. ಅಂಕಿ ಹೊಂದಿತೆಂದು ಪ್ಲಗ್ ಹೊಂದುವುದಿಲ್ಲ. ಕಾರಿನ ಪುಸ್ತಕದಲ್ಲಿರುವ ಪೂರ್ತಿ ಕೋಡ್ ಬರೆದುಕೊಂಡು ಹೋಗಿ ಸ್ಪೇರ್ಸ್ ಅಂಗಡಿಯಿಂದ ನಾನೇ ತಂದೆ, ಬಿಲ್ ಸಮೇತ. ಜೆ.ಸಿ. ರಸ್ತೆಯಲ್ಲಿ ಇನ್ನೂ ಅಗ್ಗಕ್ಕೆ ಸಿಗಬಹುದು. ಮೂರು ಪ್ಲಗ್ಗಿಗಾಗಿ ಕೆಂಗೇರಿಯಿಂದ ಅಲ್ಲಿಗೆ ಹೋಗುವುದರಲ್ಲಿ ಉಳಿತಾಯವಿಲ್ಲ.

ಹಳೇ ಪ್ಲಗ್ಗನ್ನು ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಬಳಸುವ ಅಭ್ಯಾಸ ನಮ್ಮ ಅಪ್ಪಂದಿರ ಕಾಲದ್ದು. ಟೂ ಸ್ಟ್ರೋಕ್ ಸ್ಕೂಟರಿನ ಪ್ಲಗ್ ಆಯಿಲ್ ಮಸಿ ಹಿಡಿದು ನಿಂತರೆ, ರಸ್ತೆ ಬದಿಯಲ್ಲೇ ಬಿಚ್ಚಿ ಉಜ್ಜಿ ಮತ್ತೆ ಹಾಕುತ್ತಿದ್ದರು. 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ನಮ್ಮ ಆಡುಗೋಡಿಯ ಮೈಕೋದ ಪ್ಲಗ್ಗುಗಳನ್ನು ಎಷ್ಟು ಜನ ಹೀಗೆ ಉಜ್ಜಿದರೋ. ಇಂದಿನ ಕಾರಿನಲ್ಲಿ ಪ್ಲಗ್ ಸೋಲುವುದು ಮಸಿಯಿಂದಲ್ಲ, ಸವೆತದಿಂದ. ಉಜ್ಜಿದರೆ ಹೋದ ಲೋಹ ಬರುವುದಿಲ್ಲ. ಇರಿಡಿಯಂನ ಸೂಜಿಯಂಥ ತುದಿಗೆ ತಂತಿ ಬ್ರಷ್ ತಾಗಿಸಿದರೆ ಕೊಟ್ಟ ದುಡ್ಡೇ ಹಾಳು.

ಮನೆಯಲ್ಲೇ ಬದಲಿಸಬಹುದೇ? ಆಗುತ್ತದೆ. ರಾತ್ರಿಯಿಡೀ ತಣಿದ ಎಂಜಿನ್, ಕಾಯಿಲ್ ಬಿಚ್ಚಿ ಗುಣಿಯ ದೂಳು ಊದಿ, ಒಂದಾದ ಮೇಲೆ ಒಂದರಂತೆ. ಹೊಸದನ್ನು ಬೆರಳಲ್ಲೇ ಸುತ್ತಿ ಕೂರಿಸಬೇಕು, ಪಾನಾ ಆಮೇಲೆ. ವಾಷರ್ ತಾಗಿದ ಮೇಲೆ ಇನ್ನೆಷ್ಟು ಸುತ್ತು ಎಂಬುದು ಪ್ಯಾಕಿನ ಮೇಲೆಯೇ ಇರುತ್ತದೆ, ಬಹುಪಾಲು ಅರ್ಧ ಸುತ್ತಿನ ಆಸುಪಾಸು. ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಹೋದರೆ ಲೇತ್ ಅಂಗಡಿಯವರೆಗೂ ಖರ್ಚು. ಪ್ಲಗ್ ಸಾಕೆಟ್, ಟಾರ್ಕ್ ರೆಂಚ್ ಸೇರಿ ಎರಡು ಸಾವಿರಕ್ಕೆ ಕಮ್ಮಿಯಿಲ್ಲ. ಆರು ವರ್ಷಕ್ಕೊಮ್ಮೆ 250 ರೂಪಾಯಿ ಕೂಲಿ ಉಳಿಸಲು ಇಷ್ಟು ಹೂಡಿದರೆ ಅಸಲು ಮೊಮ್ಮಕ್ಕಳ ಕಾಲಕ್ಕೆ ಬರುತ್ತದೆ. ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ, ಹಳೇ ಪ್ಲಗ್ಗುಗಳನ್ನು ಕೇಳಿ ತರುತ್ತೇನೆ. ಹೊಸದರ ಡಬ್ಬಿಯ ಮೇಲೆ ಮೀಟರ್ ಅಂಕಿ ಬರೆದು ಗ್ಲವ್ ಬಾಕ್ಸಿನಲ್ಲಿಟ್ಟರೆ ಮುಂದಿನ ಸಲ 'ಟ್ಯೂನಪ್' ಬಂದಾಗ ಮಾತಾಡಲು ಆಧಾರ.

ಹಳೇ ಪ್ಲಗ್ಗನ್ನು ನೋಡಿಯೇ ಎಂಜಿನ್ನಿನ ಆರೋಗ್ಯ ಹೇಳಬಹುದು. ತುದಿ ತಿಳಿ ಕಂದು ಅಥವಾ ಬೂದು ಇದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ. ಬೆಳ್ಳಗೆ ಬೊಬ್ಬೆ ಎದ್ದಿದ್ದರೆ ಎಂಜಿನ್ ಕಾಯುತ್ತಿದೆ. ಒದ್ದೆಯಾಗಿ ಆಯಿಲ್ ಮೆತ್ತಿದ್ದರೆ ಒಳಗೆ ದೊಡ್ಡ ಕೆಲಸ ಕಾದಿದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ಜೊತೆಗೊಬ್ಬ ಮೆಕ್ಯಾನಿಕ್‌ನನ್ನು ಕರೆದೊಯ್ದು ಎಲ್ಲ ಪ್ಲಗ್ ಬಿಚ್ಚಿಸಿ ನೋಡಲಿ, ಅವನ ಕೈಗೆ ಮುನ್ನೂರು ರೂಪಾಯಿ ಹೋಗಲಿ. ವಿಜಯನಗರದ ನಮ್ಮ ಭಾವ ಹಾಗೆ ಕೇಳಿದ್ದಕ್ಕೆ ಮಾರುವಾತ 'ಕಂಪನಿ ಸರ್ವೀಸ್ ಗಾಡಿ ಸಾರ್, ಬಿಚ್ಚೋದೆಲ್ಲ ಬೇಡ' ಎಂದನಂತೆ. ಭಾವ ಕಾಫಿ ಕುಡಿದು ಎದ್ದು ಬಂದರು.